ನೀರಿನ ಕೆಳಗೆ ಮಗಳ ಬಣ್ಣ



ಹೋದ ವಾರ ಮಗಳ ಒಂದು ಫೋಟೊ ಹಾಕಿದ್ದೆ. ನೇತ್ರಾಣಿ ಹತ್ತಿರ, ನೀರಿನ ಕೆಳಗೆ ಆರು ಮೀಟರ್ ಆಳದಲ್ಲಿ ತೆಗೆದದ್ದು. ಅದನ್ನ ನೋಡಿ ಇನ್‌ಬಾಕ್ಸಲ್ಲಿ ಎರಡು ಥರದ ಪ್ರಶ್ನೆ ಬಂದವು. ಒಂದು, "ಅಣ್ಣಾ, ನಾವೂ ಅಂಡಮಾನ್‌ಗೆ ಹೋಗಿದ್ವಿ, ಮಲ್ಪೆಗೆ ಹೋಗಿದ್ವಿ, ನಮ್ಮ ಫೋಟೊ ಎಲ್ಲಾ ನೀಲಿ ನೀಲಿ ಬಂದಿದೆ, ನಿಮ್ಮದು ಹೇಗೆ ಹೀಗೆ ಬಂತು?" ಇನ್ನೊಂದು, ಸ್ವಲ್ಪ ಮೂಗು ಮುರಿದೇ ಕೇಳಿದ್ದು, "ಗುಮಾಸ್ತರಿಗೆ ಯಾಕ್ರೀ ಈ ಶೋಕಿ?" ಎರಡಕ್ಕೂ ಸೇರಿಸಿ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ. ಕ್ಯಾಮೆರಾ ವಿಷಯ ಮಾತ್ರ ಬೇಕಾದವರು ಮೊದಲ ಭಾಗ ಬಿಟ್ಟು ಕೆಳಗೆ ಹೋಗಬಹುದು. ಆದರೆ ಬಿಡಬೇಡಿ ಅಂತ ನನ್ನ ಕೋರಿಕೆ.

ಶೋಕಿಯ ಪ್ರಶ್ನೆ ಮೊದಲು. ನಮ್ಮೂರ ಕೆರೆಗೆ ಮೂರು ಕಡೆ ಇಳಿಯೋ ಜಾಗ ಇತ್ತು. ಮೆಟ್ಟಿಲಿದ್ದ ಕಡೆ ಊರಿನವರದ್ದು. ಆಮೇಲೆ ದನ ಮೈ ತೊಳೆಯೋ ಜಾಗ. ಮೂರನೇದು ಕೋಡಿ ಹತ್ತಿರ, ಮೊಣಕಾಲುದ್ದ ಕೆಸರು, ಅದು ನಮ್ಮ ಕೇರಿಯವರದ್ದು. ಬೇಸಿಗೆ ರಜೆ ಬಂದರೆ ಊರಿನ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಕೊಂಡು ಈಜು ಕಲೀತಿದ್ರು. ನಾವು ಏರಿ ಮೇಲೆ ಕೂತು ನೋಡ್ತಿದ್ವಿ. ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಆರಾಮಾಗಿ ತೇಲ್ತಿದ್ವು, ಅವುಕ್ಕೆ ಯಾರ ತಕರಾರೂ ಇರಲಿಲ್ಲ. ನಮಗೆ ಈಜೋ ಆಸೆ ಆದ್ರೆ ಉಳಿದಿದ್ದು ಊರಾಚೆಯ ಕಲ್ಲು ಕ್ವಾರಿ ಹೊಂಡ. ಅದಕ್ಕೆ ದಡ ಅನ್ನೋದೇ ಇಲ್ಲ. ಕಾಲಿಟ್ಟರೆ ನೇರ ಆಳ.

ನನ್ನ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಆ ಹೊಂಡದಲ್ಲಿ ಹೋದ. ನನಗಾಗ ಹನ್ನೊಂದು ವರ್ಷ. ಮಾರನೇ ದಿನ ಮೇಲೆ ತಂದು ಬಂಡೆ ಮೇಲೆ ಮಲಗಿಸಿದ್ರು. ಅವ್ವ ನನ್ನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು, ಅಷ್ಟರಲ್ಲಿ ನಾನು ನೋಡಿಯಾಗಿತ್ತು. ತುಟಿ, ಉಗುರು, ಕಿವಿಯ ತುದಿ. ಆ ಬಣ್ಣಕ್ಕೆ ನನ್ನ ಹತ್ತಿರ ಈಗಲೂ ಹೆಸರಿಲ್ಲ. ನೀಲಿ ಅನ್ನೋಣ ಅಂದ್ರೆ ನೀಲಿ ಅಲ್ಲ, ಬೂದಿ ಅನ್ನೋಣ ಅಂದ್ರೆ ಬೂದಿಯೂ ಅಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಯ ನೀರು ಕುಡಿದದ್ದನ್ನ ನಾವು ವರ್ಷ ವರ್ಷ ನೆನೀತೀವಿ. ಮುಂಬಯಿ ಶಾಸನಸಭೆಯಲ್ಲಿ ಬೋಲೆಯವರ ಗೊತ್ತುವಳಿ ಪಾಸಾಗಿದ್ದು 1923ರಲ್ಲಿ, ಕೆರೆಗೆ ಇಳಿಯೋಕೆ ನಾಲ್ಕು ವರ್ಷ, ಹೈಕೋರ್ಟಿನ ತೀರ್ಪು ಬರೋಕೆ 1937. ನಾನೇ ಎಷ್ಟೋ ವೇದಿಕೆಯಲ್ಲಿ ಈ ತಾರೀಕುಗಳನ್ನ ಗಿಣಿಪಾಠದ ಹಾಗೆ ಒಪ್ಪಿಸಿದ್ದೀನಿ. ಆದರೆ ನೀರು ಕುಡಿಯೋ ಹಕ್ಕಿನ ಬಗ್ಗೆ ಮಾತಾಡಿದಷ್ಟು ನೀರಲ್ಲಿ ಆಡೋದರ ಬಗ್ಗೆ ನಾವು ಮಾತಾಡಿಲ್ಲ. ಹಾಗೆ ಮಾತಾಡ್ತಿದ್ದ ನನಗೇ ನಲವತ್ತು ದಾಟಿದ್ರೂ ಈಜು ಬರ್ತಿರಲಿಲ್ಲ. ಪ್ರವಾಸ ಹೋದ್ರೆ ಮಕ್ಕಳ ಕೈ ಹಿಡ್ಕೊಂಡು ದಡದಲ್ಲೇ ನಿಲ್ತಿದ್ದೆ.

2022ರ ಕೊನೆಯಲ್ಲಿ ಅಪ್ಪು ಅವರ 'ಗಂಧದ ಗುಡಿ' ನೋಡೋಕೆ ಹೋಗಿದ್ವಿ. ಅದರಲ್ಲಿ ಅವರು ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿಯೋ ಭಾಗ ಇದೆಯಲ್ಲ, ಮಗಳು ಅದನ್ನೇ ಹಿಡ್ಕೊಂಡಳು. "ಅಪ್ಪಾ, ಇದು ನಮ್ಮ ಮುರುಡೇಶ್ವರದಿಂದ ಹೋಗೋದಂತೆ, ಈಜು ಬರದಿದ್ರೂ ಕರ್ಕೊಂಡು ಹೋಗ್ತಾರಂತೆ." ಗಳಿಕೆ ರಜೆ ನಗದು ಮಾಡಿಸಿಕೊಂಡಿದ್ದ ದುಡ್ಡಿತ್ತು. ಜನವರಿಯಲ್ಲಿ ಹೋದ್ವಿ. ಮುರುಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ದಾರಿಯುದ್ದಕ್ಕೂ ನಾನು ವಾಂತಿ ಮಾಡಿಕೊಂಡೆ. ನೀರಿಗಿಳಿದು ಎರಡು ನಿಮಿಷಕ್ಕೆ ಗಾಬರಿಯಾಗಿ ಮೇಲೆ ಬಂದೆ. ಮಗಳು ಮಾತ್ರ ಬೋಧಕರ ಕೈ ಹಿಡ್ಕೊಂಡು ಇಪ್ಪತ್ತು ನಿಮಿಷ ಕೆಳಗಿದ್ದು ಬಂದಳು.

ಅಲ್ಲಿಯವರು ಫೋಟೊ ತೆಗೆದು ಪೆನ್‌ಡ್ರೈವಲ್ಲಿ ಕೊಟ್ಟರು. ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಹಾಕ್ಕೊಂಡು ನೋಡಿದಳು, ಮೊಬೈಲ್ ಚಾಪೆ ಮೇಲೆ ಬೋರಲಾಗಿಟ್ಟಳು. "ಇದನ್ನ ಯಾರ್ಗೂ ತೋರಿಸ್ಬ್ಯಾಡ ಕಣಪ್ಪ" ಅಂದಳು. ನಾನು ತಿರುಗಿಸಿ ಮತ್ತೆ ನೋಡಿದೆ. ನನ್ನ ಮಗಳ ಹಣೆ, ಕೆನ್ನೆ, ಮಾಸ್ಕಿನ ಕೆಳಗೆ ಕಾಣ್ತಿದ್ದ ತುಟಿಯ ಅಂಚು, ಬೆರಳುಗಳು. ಅದೇ ಬಣ್ಣ. ಬಂಡೆ ಮೇಲೆ ನೋಡಿದ ಬಣ್ಣ.

ಸಂಘಟನೆಯ ಗೆಳೆಯನೊಬ್ಬ ತಮಾಷೆ ಮಾಡಿದ, "ನೀಲಿ ನಮ್ಮದೇ ಬಣ್ಣ ಅಲ್ವೇನೋ, ಅದಕ್ಯಾಕೆ ಬೇಜಾರು?" ಬಾವುಟ ನೀಲಿ ಇರಲಿ ಮಾರಾಯ. ಮಗಳ ಮುಖ ಅವಳ ಬಣ್ಣದಲ್ಲೇ ಇರಲಿ.

ಅಣ್ಣನ ಮಗ ಒಬ್ಬ ಇದ್ದಾನೆ, ಮೊಬೈಲಲ್ಲಿ ಜಾಣ. "ಚಿಕ್ಕಪ್ಪ, ಒಂದು ನಿಮಿಷ" ಅಂತ ಯಾವುದೋ ಆ್ಯಪಿಗೆ ಹಾಕಿ ಒಂದು ಬಟನ್ ಒತ್ತಿ ವಾಪಸ್ ಕೊಟ್ಟ. ಈಗ ಮಗಳು ಗುಲಾಬಿ ಬಿಳುಪಾಗಿದ್ದಳು, ಸೋಪಿನ ಜಾಹೀರಾತಿನ ಹುಡುಗಿ ಥರ. ನನಗೆ ಇದೂ ಹಳೇ ಕಥೆ. ಡಿಗ್ರಿ ಮುಗಿದಾಗ ತಾಲೂಕಿನ ಸ್ಟುಡಿಯೋ ಒಂದರಲ್ಲಿ ಗೌನ್ ಹಾಕಿ ಫೋಟೊ ತೆಗೆಸಿದ್ದೆ, ಆತ ನನ್ನನ್ನ ಕೇಳದೇ ಮುಖ ತಿದ್ದಿ ಬೆಳ್ಳಗೆ ಮಾಡಿ ಫ್ರೇಮ್ ಹಾಕಿ ಕೊಟ್ಟಿದ್ದ. "ಚೆನ್ನಾಗಿ ಬಂದಿದೆ ನೋಡಿ" ಅಂದಿದ್ದ. ಅವ್ವ ಅದನ್ನ ಗೋಡೆಗೆ ಹಾಕಿದ್ದಾಳೆ. ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು ಬಣ್ಣ.

ಅಂತೂ ಒಂದು ಫೋಟೊದಲ್ಲಿ ಮಗಳು ಸತ್ತವಳ ಹಾಗೆ, ಇನ್ನೊಂದರಲ್ಲಿ ಬೇರೆಯವರ ಮಗಳ ಹಾಗೆ. ನೀರಿನ ಕೆಳಗೆ ಅವಳು ಅವಳ ಹಾಗೇ ಕಾಣಬೇಕು ಅಂದ್ರೆ ಏನು ಮಾಡಬೇಕು? ಇಷ್ಟೇ ನನ್ನ ಶೋಕಿ.

ಆ ಬೇಸಿಗೆ ಊರಿನ ಈಜುಕೊಳಕ್ಕೆ ಸೇರಿಕೊಂಡೆ, ಬೆಳಗ್ಗೆ ಆರರ ಬ್ಯಾಚು, ಎಂಟು ವರ್ಷದ ಮಕ್ಕಳ ಜೊತೆ. ಅದರ ಕಥೆ ಇನ್ನೊಮ್ಮೆ ಬರೀತೀನಿ. ಮುಂದಿನ ಚಳಿಗಾಲಕ್ಕೆ ನಿಲ್ಲದೇ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಿ, 18 ಮೀಟರ್‌ವರೆಗೆ ಇಳಿಯೋ ಮೊದಲ ಹಂತದ ಕೋರ್ಸ್ ಮುಗಿಸಿದೆ. ಕೋರ್ಸ್ ಮಾಡಿಸಿದ ಹುಡುಗ ಕರಾವಳಿಯ ಮೀನುಗಾರರ ಮನೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಕ್ಯಾಮೆರಾ ತರ್ತೀನಿ ಅಂದಾಗ, "ಸರ್, ಮೊದಲು ನೀರಲ್ಲಿ ಸುಮ್ಮನೆ ನಿಲ್ಲೋದು ಕಲೀರಿ, ಆಮೇಲೆ ಕ್ಯಾಮೆರಾ" ಅಂದರು. ಆಗ ಬೇಜಾರಾಯ್ತು. ಅವರು ಹೇಳಿದ್ದೇ ಸರಿ. ಮೇಲೂ ಹೋಗದೆ ಕೆಳಗೂ ಬೀಳದೆ ಒಂದೇ ಮಟ್ಟದಲ್ಲಿ ನಿಲ್ಲೋಕೆ ಬರದವರು ಕೈಕಾಲು ಬಡೀತಾರೆ, ತಳದ ಮರಳು ಏಳುತ್ತೆ, ಹವಳಕ್ಕೆ ಕಾಲು ತಾಗುತ್ತೆ. ಮರಳೆದ್ದ ನೀರಲ್ಲಿ ಯಾವ ಕ್ಯಾಮೆರಾಗೂ ಬಣ್ಣ ಸಿಗಲ್ಲ.

ಈಗ ಬಣ್ಣದ ವಿಷಯ.

ಸೂರ್ಯನ ಬೆಳಕಲ್ಲಿ ಎಲ್ಲಾ ಬಣ್ಣ ಇರುತ್ತೆ ಅಂತ ಹೈಸ್ಕೂಲಲ್ಲಿ ಓದಿದ್ದೀವಿ. ನೀರು ಆ ಬಣ್ಣಗಳನ್ನ ಸಮನಾಗಿ ಒಳಗೆ ಬಿಡಲ್ಲ. ಮೊದಲು ಕೆಂಪನ್ನ ನುಂಗುತ್ತೆ, ಸುಮಾರು ಐದು ಮೀಟರಿಗೆ ಕೆಂಪು ಹೆಚ್ಚುಕಡಿಮೆ ಮುಗಿಯುತ್ತೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯೋದು ಹಸಿರು, ನೀಲಿ. ಪುಸ್ತಕದಲ್ಲಿ ಓದಿದ್ರೆ ಇದು ಮನಸ್ಸಿಗೆ ಹತ್ತಲ್ಲ. ನಾನು ಮಗಳು ಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ದ ಕೆಂಪು ರಿಬ್ಬನ್ ಒಂದನ್ನ ಮಣಿಕಟ್ಟಿಗೆ ಕಟ್ಕೊಂಡು ಇಳಿದೆ. ಎರಡು ಮೀಟರಲ್ಲಿ ಕೆಂಪೇ. ಐದರಲ್ಲಿ ಹಳೇ ಹೆಂಚಿನ ಬಣ್ಣ. ಹತ್ತರಲ್ಲಿ ಕಾಫಿ ಚರಟದ ಥರ ಕಪ್ಪು ಕಂದು. ಅಲ್ಲಿ ಟಾರ್ಚ್ ಹಾಕಿದೆ, ಟಾರ್ಚ್ ಬಿದ್ದಷ್ಟು ಜಾಗದಲ್ಲಿ ಮಾತ್ರ ರಿಬ್ಬನ್ ಮತ್ತೆ ಕೆಂಪಾಯ್ತು! ಅಂದ್ರೆ ರಿಬ್ಬನ್ನಿನ ಬಣ್ಣ ಎಲ್ಲೂ ಹೋಗಿರಲಿಲ್ಲ. ಅದನ್ನ ತೋರಿಸೋ ಬೆಳಕು ಅಲ್ಲಿಗೆ ತಲುಪಿರಲಿಲ್ಲ, ಅಷ್ಟೇ.

ನಮ್ಮಂಥ ಕಂದು ಮೈಬಣ್ಣದಲ್ಲಿ ಇರೋ ಜೀವಕಳೆ ಅಂದ್ರೆ ಕೆಂಪು, ಕಿತ್ತಳೆ, ಹಳದಿಯ ಛಾಯೆಗಳೇ. ನೀರು ಮೊದಲು ತಿನ್ನೋದು ಅವನ್ನೇ. ಅದಕ್ಕೇ ಮುಖ ಬೂದಿಗಟ್ಟೋದು. ಬಿಳಿ ಮೈಯವರೂ ಬೂದಿಯಾಗ್ತಾರೆ. ಆದರೆ ಅವರ ಚರ್ಮ ಹೆಚ್ಚು ಬೆಳಕು ವಾಪಸ್ ಕಳಿಸೋದರಿಂದ ಮುಖದ ರೂಪುರೇಖೆಯಾದರೂ ಉಳಿಯುತ್ತೆ. ನಮ್ಮದು ಬಣ್ಣವೂ ಹೋಗಿ ಕತ್ತಲೂ ಸೇರಿಕೊಳ್ಳುತ್ತೆ.

ಹೊಸಬರಿಗೆ ಯಾರೂ ಒತ್ತಿ ಹೇಳದ ಒಂದು ಮಾತಿದೆ. ಲೆಕ್ಕ ಬರೀ ಆಳದ್ದಲ್ಲ. ಬೆಳಕು ಮೇಲಿಂದ ಮಗಳ ಮುಖಕ್ಕೆ ಬರಬೇಕು, ಮುಖದಿಂದ ಕ್ಯಾಮೆರಾಗೆ ಬರಬೇಕು, ಎರಡೂ ನೀರಲ್ಲೇ. ಆರು ಮೀಟರ್ ಆಳದಲ್ಲಿ ಮೂರು ಮೀಟರ್ ದೂರ ನಿಂತು ತೆಗೆದರೆ ಒಟ್ಟು ಒಂಬತ್ತು ಮೀಟರ್ ನೀರು ಕೆಂಪನ್ನ ತಿಂದಿರುತ್ತೆ. ಅದೇ ಅರ್ಧ ಮೀಟರ್ ಹತ್ತಿರ ಹೋದರೆ ಆರೂವರೆ. ಯಾವ ಫಿಲ್ಟರೂ ಇಷ್ಟು ಸುಲಭವಾಗಿ, ಬಿಟ್ಟಿಯಾಗಿ ಬಣ್ಣ ತಂದುಕೊಡಲ್ಲ. ಮೊದಲ ಸಲ ಮಗಳ ಫೋಟೊ ತೆಗೆದವರು ದ್ವೀಪದ ಬಂಡೆ, ಮೀನು, ಎಲ್ಲಾ ಬರಲಿ ಅಂತ ದೂರದಿಂದ ತೆಗೆದಿದ್ರು. ಎಲ್ಲಾ ಬಂದಿತ್ತು, ಅವಳೊಬ್ಬಳು ಬಿಟ್ಟು.

ಇನ್ನೊಂದು ಮೋಸ ನಮ್ಮ ಕಣ್ಣಿನದು. ಮಾಸ್ಕ್ ಹಾಕ್ಕೊಂಡು ನೋಡಿದ್ರೆ ನೀರಲ್ಲಿ ಎಲ್ಲಾ ಹತ್ತಿರ ಕಾಣುತ್ತೆ. ಒಂದು ಮೀಟರ್ ದೂರ ಇರೋದು ಮುಕ್ಕಾಲು ಮೀಟರಲ್ಲಿ ಇದ್ದ ಹಾಗೆ. ಹಾಗಾಗಿ "ಸಾಕಷ್ಟು ಹತ್ತಿರ ಬಂದೆ" ಅನಿಸಿದಾಗ ಬಂದಿರಲ್ಲ. ಇನ್ನೂ ಹೋಗಿ. ಜೊತೆಗೆ ನಮ್ಮ ಮಿದುಳು ಒಳಗೊಳಗೇ ಬಣ್ಣ ಸರಿ ಮಾಡಿಕೊಳ್ಳುತ್ತೆ. ಕೆಳಗೆ ನೋಡ್ತಿದ್ದಾಗ ಚೆನ್ನಾಗೇ ಕಾಣ್ತಿತ್ತು, ಮೇಲೆ ಬಂದು ನೋಡಿದ್ರೆ ನೀಲಿ ಅಂತ ನೀವೆಲ್ಲ ಹೇಳೋದು ಇದಕ್ಕೇ. ಕ್ಯಾಮೆರಾಗೆ ಆ ದಾಕ್ಷಿಣ್ಯ ಇಲ್ಲ.

ಕ್ಯಾಮೆರಾ ಯಾವುದು ಅಂತ ಕೇಳಿದ್ರಿ. ಒಲಿಂಪಸ್ ಟಿಜಿ-6, ಸೆಕೆಂಡ್ ಹ್ಯಾಂಡ್. ಹೊರಗಡೆ ಡಬ್ಬ ಇಲ್ಲದೇ 15 ಮೀಟರ್‌ವರೆಗೆ ತಡೆಯುತ್ತೆ. ಬ್ಯಾಟರಿ ಮುಚ್ಚಳದ ರಬ್ಬರಿಗೆ ಒಂದು ಕೂದಲೆಳೆ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತೆ, ಅದಕ್ಕೆ ದೋಣಿ ಮೇಲೆ ಮುಚ್ಚಳ ತೆಗೀಬೇಡಿ, ಹಿಂದಿನ ರಾತ್ರಿ ರೂಮಲ್ಲೇ ಒರೆಸಿ ಮುಚ್ಚಿ. ಇದನ್ನೇ ತಗೊಳ್ಳಿ ಅಂತ ನಾನು ಹೇಳಲ್ಲ. ನೀವು ನೋಡಬೇಕಾದ್ದು ಎರಡು. ವೈಟ್ ಬ್ಯಾಲೆನ್ಸನ್ನ ನಾವೇ ನೀರಿನ ಕೆಳಗೆ ಹೊಂದಿಸೋಕೆ ಆಗುತ್ತಾ? ರಾ ಫೈಲ್ ಕೊಡುತ್ತಾ?

ವೈಟ್ ಬ್ಯಾಲೆನ್ಸ್ ಅಂದ್ರೆ ಬೆಳ್ಳಗೆ ಮಾಡೋದು ಅಂತ ನಾನು ಮೊದಲು ತಿಳ್ಕೊಂಡಿದ್ದೆ. ಹೆಸರು ಕೇಳಿದ್ರೆ ಹಾಗೇ ಅನಿಸುತ್ತಲ್ಲ! ಅದು ಬೆಳ್ಳಗೆ ಮಾಡೋದಲ್ಲ. "ಇಲ್ಲಿ ಬೀಳ್ತಿರೋ ಬೆಳಕಿನ ಬಣ್ಣ ಇದು, ಇದನ್ನ ಕಳೆದು ನೋಡು" ಅಂತ ಕ್ಯಾಮೆರಾಗೆ ಹೇಳೋದು. ಅದಕ್ಕೆ ಬಣ್ಣವಿಲ್ಲದ ಒಂದು ವಸ್ತು ಬೇಕು. ಡೈವರ್‌ಗಳು ಬರೆಯೋಕೆ ಇಟ್ಕೊಳ್ಳೋ ಬಿಳಿ ಪ್ಲಾಸ್ಟಿಕ್ ಸ್ಲೇಟ್ ಇರುತ್ತೆ, ಅಥವಾ ಬೂದು ಬಣ್ಣದ ಕಾರ್ಡ್. ಫೋಟೊ ತೆಗೆಯೋ ಆಳದಲ್ಲೇ ಅದನ್ನ ಬೆಳಕಿಗೆ ಹಿಡಿದು, ಚೌಕಟ್ಟು ತುಂಬ ಅದೇ ಕಾಣೋ ಹಾಗೆ ಮಾಡಿ ಒತ್ತಿದ್ರೆ ಕ್ಯಾಮೆರಾ ಲೆಕ್ಕ ಹಾಕಿಕೊಳ್ಳುತ್ತೆ. ಎರಡು ಮೂರು ಮೀಟರ್ ಮೇಲೆ ಕೆಳಗೆ ಹೋದರೆ ಮತ್ತೆ ಮಾಡಬೇಕು. ನಾನು ಮರೆತು ಹಾಗೇ ದೋಣಿಗೆ ಹತ್ತಿ ತೆಗೆದ ಫೋಟೊದಲ್ಲಿ ಅಂಬಿಗರಿಂದ ಹಿಡಿದು ಆಕಾಶದವರೆಗೆ ಎಲ್ಲಾ ಟೊಮೇಟೊ ಸಾರು.

ಕೆಲವರು ಸ್ಲೇಟ್ ಇಲ್ಲದಿದ್ರೆ ಅಂಗೈ ಹಿಡಿದು ಹೊಂದಿಸಿ ಅಂತಾರೆ. ಬೇಡ. ಅಂಗೈಗೆ ಅದರದ್ದೇ ಬಣ್ಣ ಇರುತ್ತೆ, ಕ್ಯಾಮೆರಾ ಅದನ್ನೂ ಬೆಳಕಿನ ದೋಷ ಅಂತ ತಿಳ್ಕೊಂಡು ಕಳೆದುಬಿಡುತ್ತೆ. ಯಾರ ಅಂಗೈ ಅನ್ನೋದೂ ಪ್ರಶ್ನೆಯೇ. ಬಣ್ಣದ ಫಿಲಂ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಕಾರ್ಡ್ ಕಳಿಸ್ತಿತ್ತು, 'ಶರ್ಲಿ ಕಾರ್ಡ್' ಅಂತ ಹೆಸರಾಯ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಚಿತ್ರ. ಅವಳ ಮೈಬಣ್ಣ ಸರಿಯಾಗಿ ಬಂದ್ರೆ ಮೆಷಿನ್ ಸರಿ ಇದೆ ಅಂತ ಲೆಕ್ಕ. ಕಪ್ಪು ಜನರ ಮುಖ ಕಪ್ಪು ಮುದ್ದೆಯಾಗಿ ಹಲ್ಲು, ಕಣ್ಣು ಮಾತ್ರ ಕಾಣ್ತಿದ್ದರೂ ಮೆಷಿನ್ ಸರಿ ಇದೆ ಅಂತಲೇ. ಕಂದು ಬಣ್ಣ ಚೆನ್ನಾಗಿ ಬರಲಿ ಅಂತ ಫಿಲಂ ಸುಧಾರಿಸೋಕೆ ದೊಡ್ಡ ಒತ್ತಡ ಬಂದಿದ್ದು ಯಾರಿಂದ ಗೊತ್ತಾ? ಚಾಕೊಲೇಟ್ ಮಾರುವವರು, ಮರದ ಪೀಠೋಪಕರಣ ಮಾರುವವರು. ನಮ್ಮ ಮರದ ಬಣ್ಣ ಜಾಹೀರಾತಲ್ಲಿ ಸರಿ ಬರ್ತಿಲ್ಲ ಅಂತ ದೂರು ಕೊಟ್ಟರಂತೆ. ಮೇಜಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಸಿಕ್ಕಿರಲಿಲ್ಲ. ಇದನ್ನ ಓದಿದ ದಿನ ನನಗೆ ಡಿಗ್ರಿ ಫೋಟೊ ನೆನಪಾಗಿ ನಗುವೂ ಬಂತು.

ರಾ ಫೈಲ್ ವಿಷಯ ನಮ್ಮ ಆಫೀಸಿನ ಭಾಷೆಯಲ್ಲಿ ಹೇಳ್ತೀನಿ. ಜೆಪೆಗ್ ಅಂದ್ರೆ ಮೇಲಧಿಕಾರಿ ಸಹಿ ಮಾಡಿ ಹೊರಗೆ ಕಳಿಸಿದ ಆದೇಶದ ಪ್ರತಿ. ರಾ ಅಂದ್ರೆ ಟಿಪ್ಪಣಿ ಹಾಳೆ ಸಮೇತ ಇಡೀ ಕಡತ. ಕಡತ ಕೈಯಲ್ಲಿದ್ರೆ ತಪ್ಪು ಎಲ್ಲಾಯ್ತು ಅಂತ ಹಿಂದೆ ಹೋಗಿ ತಿದ್ದಬಹುದು. ಆದರೆ ಕಡತದಲ್ಲೇ ಇಲ್ಲದ ಹಾಳೆಯನ್ನ ಯಾವ ಗುಮಾಸ್ತನೂ ಹುಟ್ಟಿಸೋಕಾಗಲ್ಲ (ಹುಟ್ಟಿಸುವವರು ಇದ್ದಾರೆ, ಅವರ ಮೇಲೆ ಇಲಾಖಾ ವಿಚಾರಣೆ ನಡೆಯುತ್ತೆ). ಹದಿನೈದು ಮೀಟರಲ್ಲಿ ದೂರದಿಂದ, ಬರೀ ಮೇಲಿನ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಕೆಂಪು ದಾಖಲಾಗಿರೋದೇ ಇಲ್ಲ. ಆಮೇಲೆ ಕಂಪ್ಯೂಟರಲ್ಲಿ ಕೆಂಪು ಎಷ್ಟು ಏರಿಸಿದ್ರೂ ಬರೋದು ಕೆಂಪು ಕಾಳುಕಾಳು ಗಲೀಜು ಮಾತ್ರ.

ಕೆಂಪು ಫಿಲ್ಟರ್ ಬಗ್ಗೆ ಕೇಳಿದ್ರಿ. ಲೆನ್ಸಿನ ಮುಂದೆ ಹಾಕೋ ಕೆಂಪು ಗಾಜು. ಅದು ಇಲ್ಲದ ಕೆಂಪನ್ನ ತರಲ್ಲ, ಇರೋ ನೀಲಿ ಹಸಿರನ್ನ ಕಡಿಮೆ ಮಾಡುತ್ತೆ. ಐದು ಮೀಟರಿಂದ ಹದಿನೈದರ ಆಸುಪಾಸು, ನೀರು ತಿಳಿಯಾಗಿ ನೀಲಿಯಾಗಿದ್ದು, ಬಿಸಿಲು ಚೆನ್ನಾಗಿದ್ರೆ ಕೆಲಸ ಮಾಡುತ್ತೆ. ನಮ್ಮ ಕಡೆ ನೀರು ಎಷ್ಟೋ ದಿನ ಹಸಿರಾಗಿರುತ್ತೆ, ಅದಕ್ಕೆ ನೇರಳೆಗೆಂಪು ಫಿಲ್ಟರ್ ವಾಸಿ. ಎರಡೂ ಬೆಳಕು ಕಡಿಮೆ ಮಾಡ್ತವೆ. ಟಾರ್ಚ್ ಜೊತೆ ಫಿಲ್ಟರ್ ಹಾಕಬೇಡಿ, ಕುಂಕುಮ ಎರಚಿದ ಹಾಗಾಗುತ್ತೆ. ನಾನು ಎರಡು ಸಲ ಬಳಸಿ ಬಿಟ್ಟೆ.

ನನಗೆ ಒಗ್ಗಿದ್ದು ಟಾರ್ಚ್. ಬೆಳಕನ್ನೇ ಕೆಳಗೆ ಹೊತ್ಕೊಂಡು ಹೋಗೋದು. ಇದು ಹೊಸ ಐಡಿಯಾ ಏನಲ್ಲ. ನೀರಿನೊಳಗಿನ ಮೊದಲ ಬಣ್ಣದ ಫೋಟೊಗಳನ್ನ ತೆಗೆದದ್ದು ಅಮೆರಿಕದ ಫ್ಲಾರಿಡಾ ಕಡಲಲ್ಲಿ, ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಅನ್ನೋ ಇಬ್ಬರು, ಒಂದು ಹಾಗ್‌ಫಿಶ್ ಮೀನಿನ ಚಿತ್ರ. ಬೆಳಕಿಗೋಸ್ಕರ ನೀರಿನ ಮೇಲೆ ತೆಪ್ಪ ತೇಲಿಬಿಟ್ಟು ಅದರ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸ್ತಿದ್ರು. ಒಂದು ಸಲ ಅದೇ ಸಿಡಿದು ಲಾಂಗ್ಲಿ ಮೈ ಸುಟ್ಟುಕೊಂಡ. ಆ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾಗಿದ್ದು 1927ರ ಜನವರಿಯಲ್ಲಿ. ಮಹಾಡ್ ಕೆರೆಗೆ ನಮ್ಮವರು ಇಳಿಯೋಕೆ ಎರಡು ತಿಂಗಳು ಮುಂಚೆ. ಅತ್ತ ಮೀನಿನ ಬಣ್ಣ ಹಿಡಿಯೋಕೆ ತೆಪ್ಪದ ಮೇಲೆ ಬೆಂಕಿ ಹಚ್ಚಿದ್ರು, ಇತ್ತ ಮನುಷ್ಯರು ಮುಟ್ಟಿದ್ರು ಅಂತ ಕೆರೆಗೆ 108 ಮಡಕೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಶುದ್ಧಿ ಮಾಡಿದ್ರು. ಯಾವ ಪುಸ್ತಕದಲ್ಲೂ ಇವೆರಡೂ ಒಂದೇ ಪುಟದಲ್ಲಿ ಬರಲ್ಲ, ನನ್ನ ತಲೆಯಲ್ಲಿ ಮಾತ್ರ ಒಟ್ಟಿಗೇ ಬರ್ತವೆ.

ಟಾರ್ಚ್ ಅಂದ್ರೆ ಡೈವಿಂಗಿಗೆ ಅಂತಲೇ ಬರೋ ಅಗಲ ಬೆಳಕಿನದು. ಒಂದು ಮೀಟರ್ ಆಚೆ ಅದರ ಆಟ ನಡೆಯಲ್ಲ, ಆ ಬೆಳಕಿನ ಕೆಂಪನ್ನೂ ನೀರು ತಿನ್ನುತ್ತೆ. ಕ್ಯಾಮೆರಾ ಪಕ್ಕದಲ್ಲೇ ಹಿಡಿದು ನೇರ ಬೆಳಕು ಬಿಟ್ಟರೆ ನೀರಲ್ಲಿರೋ ಧೂಳೆಲ್ಲಾ ಹೊಳೆದು ಫೋಟೊ ಮೇಲೆ ಅಕ್ಕಿ ನುಚ್ಚು ಎರಚಿದ ಹಾಗೆ ಚುಕ್ಕೆ ಬೀಳುತ್ತೆ. ಕೈ ಚಾಚಿ, ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಹಿಡೀಬೇಕು. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಆಫ್ ಮಾಡಿ, ಅದರಿಂದ ನುಚ್ಚೇ ಜಾಸ್ತಿ.

ಟಾರ್ಚಿಗೆ ದುಡ್ಡಿಲ್ಲದವರು ಹತ್ತರಿಂದ ಎರಡರ ಒಳಗೆ ಇಳೀರಿ, ಸೂರ್ಯ ನೆತ್ತಿ ಮೇಲಿದ್ದಾಗ ಬೆಳಕು ಕೆಳಗೆ ಚೆನ್ನಾಗಿ ಬರುತ್ತೆ. ಐದು ಮೀಟರ್ ಒಳಗೇ ಇರಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಮುಖಕ್ಕೆ ಹತ್ತಿರ ಹೋಗಿ. ಬರೀ ಇಷ್ಟು ಮಾಡಿದ್ರೆ ನಿಮ್ಮ ಅಂಡಮಾನ್ ಫೋಟೊ ಅರ್ಧ ಸರಿ ಹೋಗುತ್ತಿತ್ತು.

ಮೊನ್ನೆ ಫೆಬ್ರವರಿಯಲ್ಲಿ ಮಗಳನ್ನ ಮತ್ತೆ ಕರ್ಕೊಂಡು ಹೋದೆ. ಈಗ ಅವಳು ಸೆಕೆಂಡ್ ಪಿಯುಸಿ, "ಪರೀಕ್ಷೆ ಹತ್ತಿರ ಇದೆ ಅಪ್ಪಾ" ಅಂತ ಅವಳೇ ಬೈದಳು, ಆಮೇಲೆ ಅವಳೇ ಮೊದಲು ಬ್ಯಾಗ್ ತುಂಬಿದಳು. ದೋಣಿ ಮೇಲೆ ಬಿಸಿಲಲ್ಲಿ ಮೊದಲು ಒಂದು ಕೆಲಸ ಮಾಡಿದೆ. ಬೂದು ಕಾರ್ಡನ್ನ ಅವಳ ಕೆನ್ನೆ ಪಕ್ಕ ಹಿಡಿಸಿ ಒಂದು ಫೋಟೊ, ಕೈ ಪಕ್ಕ ಹಿಡಿಸಿ ಒಂದು ಫೋಟೊ. "ಏನಪ್ಪಾ ಇದು, ಆಧಾರ್ ಕಾರ್ಡಿಗಾ?" ಅಂದಳು. ಆಮೇಲೆ ಕಂಪ್ಯೂಟರ್ ಮುಂದೆ ಕೂತಾಗ ಇದೇ ನನ್ನ ಸಾಕ್ಷಿ. ಇದಿಲ್ಲದಿದ್ರೆ ನಾವು ನೆನಪಿಂದ ತಿದ್ದುತ್ತೀವಿ, ನೆನಪು ಸುಳ್ಳು ಹೇಳುತ್ತೆ. ನಮ್ಮ ಕೈ ನಮಗೇ ಗೊತ್ತಿಲ್ಲದೆ ಒಂದು ಚೂರು ಬೆಳ್ಳಗಿನ ಕಡೆ ಎಳೆಯುತ್ತೆ. ನಾನು ಎಳೆದಿದ್ದೀನಿ, ನಾಚಿಕೆ ಬಿಟ್ಟು ಒಪ್ಪಿಕೊಳ್ತೀನಿ.

ಅದೇ ಹುಡುಗ ಬೋಧಕರು ಅವಳ ಜೊತೆ ಇದ್ದರು, ನಾನು ಇನ್ನೊಬ್ಬರ ಜೊತೆ ಸ್ವಲ್ಪ ಮುಂದೆ. ನೀರು ಅವತ್ತು ಹಸಿರು ಮಿಶ್ರ ನೀಲಿ, ಬಿಸಿಲಿತ್ತು. ಬಂಡೆ ಪಕ್ಕ ಪ್ಯಾರಟ್ ಫಿಶ್‌ಗಳು ಹವಳ ಕಟಕಟ ಕಡಿಯೋ ಸದ್ದು ಕೇಳಿಸ್ತಿತ್ತು. ಆರು ಮೀಟರಲ್ಲಿ ಸ್ಲೇಟ್ ಹಿಡಿದು ಹೊಂದಿಸಿಕೊಂಡೆ. ಟಾರ್ಚ್ ಎಡಗೈಲಿ ದೂರ ಹಿಡಿದು ಅರ್ಧ ಮೀಟರ್ ಹತ್ತಿರಕ್ಕೆ ಹೋದೆ. ಅವಳು ಮಣಿಕಟ್ಟಿಗೆ ಆ ರಿಬ್ಬನ್ ಕಟ್ಟಿಕೊಂಡಿದ್ದಳು. ನನಗೆ ರಿಬ್ಬನ್ನೇ ಅಳತೆ. ಪರದೆಯಲ್ಲಿ ಅದು ಕೆಂಪಾಗಿ ಕಂಡರೆ ಮುಖ ಸರಿ ಇದೆ. ಹನ್ನೆರಡು ಫೋಟೊ ತೆಗೆದೆ. ನಾಲ್ಕರಲ್ಲಿ ಗುಳ್ಳೆ ಅಡ್ಡ ಬಂತು, ಮೂರರಲ್ಲಿ ನಾನೇ ಅಲ್ಲಾಡಿದೆ, ಎರಡರಲ್ಲಿ ನುಚ್ಚು. ಮೂರು ಉಳಿದವು.

ಗೆಳೆಯನ ಲ್ಯಾಪ್‌ಟಾಪಲ್ಲಿ ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಹಾಕಿದ್ದೀವಿ, ಬಿಟ್ಟಿ ಸಿಗುತ್ತೆ. ನಾನು ಮಾಡಿದ್ದು ಕಡಿಮೆ. ಸ್ಲೇಟಿನ ಫೋಟೊ ಮೇಲೆ ಆಯ್ಕೆ ಮಾಡೋ ಸಾಧನ ಇಟ್ಟು ಬೆಳಕಿನ ಬಣ್ಣ ಕಳೆದು, ಅದೇ ಲೆಕ್ಕವನ್ನ ಉಳಿದವಕ್ಕೂ ಹಾಕಿದೆ. ಸ್ವಲ್ಪ ಹಸಿರು ಇಳಿಸಿದೆ. ದೋಣಿ ಮೇಲಿನ ಫೋಟೊ ಪಕ್ಕದಲ್ಲಿಟ್ಟು ಕೆನ್ನೆಗೆ ಕೆನ್ನೆ, ಕೈಗೆ ಕೈ ಹೋಲಿಸಿದೆ. ಹಿನ್ನೆಲೆಯ ನೀರನ್ನ ಹಾಗೇ ಬಿಟ್ಟೆ, ನೀರು ನೀಲಿಯಾಗೇ ಇರಬೇಕು. ಮುಖದ ಮೇಲಿನ ಬೆಳಕು ಒಂದಿಷ್ಟು ಏರಿಸಿದೆ. ಮುಖದ ಬಣ್ಣ ಮುಟ್ಟಲಿಲ್ಲ.

ಊರಿಗೆ ಹೋಗಿ ಅವ್ವನಿಗೆ ಕೊಟ್ಟೆ. ಈ ಸಲ ಪ್ರಿಂಟ್ ಹಾಕಿಸಿದ್ದೆ. ಮೊದಲು ತಗೊಳ್ಳಲೇ ಇಲ್ಲ, "ಬ್ಯಾಡ ಬುಡಪ್ಪ" ಅಂದಳು. ಪಕ್ಕದಲ್ಲಿಟ್ಟು ನಾನು ಹಿತ್ತಿಲಿಗೆ ಹೋದೆ. ವಾಪಸ್ ಬಂದಾಗ ಬಾಗಿಲ ಬೆಳಕಿಗೆ ಹಿಡ್ಕೊಂಡು ನೋಡ್ತಾ ಕೂತಿದ್ದಳು. ಮಗಳ ಮೊಣಕೈ ಹತ್ತಿರ ಒಂದು ಕಲೆ ಇದೆ, ಚಿಕ್ಕವಳಿದ್ದಾಗ ಒಲೆ ಪಕ್ಕ ಸುಟ್ಟುಕೊಂಡದ್ದು. ಅವ್ವ ಅದರ ಮೇಲೆ ಬೆರಳಿಟ್ಟಿದ್ದಳು.

"ಇದೇನ್ಲಾ, ಬಾಯಿಗೆ ಪೈಪ್ ಕಚ್ಕಂಡವ್ಳೆ?"

"ಅದರಲ್ಲೇ ಉಸಿರಾಡೋದು ಅವ್ವ."

"ರಿಬ್ಬನ್ ಯಾಕೆ ಕೈಗ್ ಕಟ್ಕಂಡವ್ಳೆ? ತಲೆಗ್ ಕಟ್ಕಬಾರ್ದಾ?"

ಫೋಟೊನ ಡಿಗ್ರಿ ಫೋಟೊ ಪಕ್ಕ ಮೊಳೆ ಹೊಡೆದು ಹಾಕು ಅಂದಳು. ಹಾಕಿದ್ದೀನಿ. ಮುಂದಿನ ಸೀಸನ್ನಿಗೆ ಟಾರ್ಚ್ ಮತ್ತೆ ಬೂದು ಕಾರ್ಡ್ ಯಾರಿಗಾದರೂ ಬೇಕಾದ್ರೆ ಹೇಳಿ, ಕಳಿಸಿಕೊಡ್ತೀನಿ. ಕ್ಯಾಮೆರಾ ಮಾತ್ರ ಕೇಳಬೇಡಿ.